ಕಸ್ತೂರೆವ್ವ ಓದಿದ ಬೆನ್ನು

ನಾಲತವಾಡದ ಕುರುಬರ ಓಣಿಯಲ್ಲಿ ಕಸ್ತೂರೆವ್ವನ ಕೈಗೆ ಒಂದು ಹೆಸರಿತ್ತು. ಯಾರದಾದರೂ ಕುರಿ ಮೇವು ಬಿಟ್ಟು ನಿಂತರೆ ಮೊದಲು ಅವಳಿಗೆ ಕರೆ ಹೋಗುತ್ತಿತ್ತು, ದನದ ಡಾಕ್ಟರಿಗೆ ಆಮೇಲೆ. ಬಂದವಳು ಏನನ್ನೂ ಕೇಳುತ್ತಿರಲಿಲ್ಲ. ಕಿವಿ ಹಿಡಿದು ಬಿಸಿ ನೋಡುವಳು, ಕಣ್ಣಿನ ರೆಪ್ಪೆ ಮಗುಚಿ ಬಣ್ಣ ನೋಡುವಳು, ಗದ್ದದ ಕೆಳಗೆ ಬೆರಳಿಟ್ಟು ಒತ್ತುವಳು. ಗದ್ದ ನೀರು ತುಂಬಿ ಮೆತ್ತಗಾಗಿದ್ದರೆ, "ಇದರ ಕಲೀಜದಾಗ ಹುಳ ಬಿದ್ದಾವ. ಜವಳು ನೆಲದ ಹುಲ್ಲು ಮೇಯಿಸೀರಿ," ಎಂದು ಹೇಳಿ ಎದ್ದುಬಿಡುವಳು. ಹೆಚ್ಚಾಗಿ ಲಿವರಿನ ಹುಳವೇ ಆಗಿರುತ್ತಿತ್ತು. ಕೆಲಸ ಮುಗಿದ ಮೇಲೆ ಮಾತ್ರ ಅವಳ ಮಾತು ಶುರು. ಶುರುವಾದರೆ ಚಹಾ ಆರಿ, ಕುರಿ ಎದ್ದು ಮೇಯಲು ಹೋದರೂ ಮುಗಿಯುತ್ತಿರಲಿಲ್ಲ.

ಗಂಡ ಧೂಳಪ್ಪ ಎತ್ತರದ ಆಳು. ಡೋಣಿ ಹಳ್ಳದ ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯ ಕುರಿ ತಲೆ ಎತ್ತುತ್ತಿದ್ದವು. ವರ್ಷದ ಎಂಟು ತಿಂಗಳು ಹಿಂಡಿನ ಬೆನ್ನು ಹತ್ತಿ ತಾಳಿಕೋಟೆ, ಹೂವಿನ ಹಿಪ್ಪರಗಿ, ಸಿಂದಗಿಯ ಎರೆಹೊಲಗಳಲ್ಲಿ ತಿರುಗುವುದು, ಮಳೆಗಾಲಕ್ಕೆ ಊರಿಗೆ ಬರುವುದು. ಮಂದಿಯ ಮುಂದೆ ಕಸ್ತೂರೆವ್ವ ಅವನಿಗೆ 'ರೀ' ಹಚ್ಚಿ ಮಾತಾಡುತ್ತಿದ್ದಳು. ಇಬ್ಬರೇ ಇದ್ದಾಗ 'ನೀ'. ಅವನಿಗೆ ಅದೂ ಸರಿ, ಇದೂ ಸರಿ.

ಎಪ್ಪತ್ತೈದರ ದೀಪಾವಳಿ ಕಳೆದ ಮೇಲೆ, ಹಿಂಡು ಇನ್ನೂ ಊರ ಸುತ್ತಲಿನ ಹೊಲಗಳಲ್ಲೇ ಇದ್ದಾಗ, ಧೂಳಪ್ಪನ ಹೊಟ್ಟೆ ಮುಂದೆ ಬರತೊಡಗಿತು. ಕಸ್ತೂರೆವ್ವನಿಗೆ ಮೊದಮೊದಲು ಖುಷಿಯೇ. ಮದುವೆಯಾಗಿ ಹದಿನೆಂಟು ವರ್ಷ ಅವಳು ಉಣ್ಣಲು ಹಾಕಿದ್ದು ಎಲ್ಲಿ ಹೋಗುತ್ತಿತ್ತೋ ಗೊತ್ತಿರಲಿಲ್ಲ. ಈಗಾದರೂ ಮೈಗೆ ಹತ್ತಿತು ಅಂದುಕೊಂಡಳು. ಓಣಿಯ ಹೆಂಗಸರಿಗೆ, "ಎಳ್ಳು ಹೋಳಿಗಿ ಮಾಡಿದ್ದೆ ಯವ್ವಾ, ಅದರ ಗುಣ," ಎಂದು ಹೇಳಿಕೊಂಡೂ ತಿರುಗಿದಳು. ಸಂಕ್ರಾಂತಿ ಹೊತ್ತಿಗೆ ಹೊಟ್ಟೆ ಬಿಗಿದ ಡೊಳ್ಳಾಯಿತು. ಮೈ ತುಂಬುವ ಬದಲು ಕೈ ಕಡ್ಡಿಯಾದವು, ಕಾಲು ಬಾತವು. ಪಾದದ ಮೇಲೆ ಬೆರಳು ಒತ್ತಿದರೆ ನಾದಿದ ಹಿಟ್ಟಿನಲ್ಲಿ ಒತ್ತಿದ ಹಾಗೆ ಕುಳಿ ಬೀಳುತ್ತಿತ್ತು.

"ನಿನ್ನ ಕಲೀಜದಾಗ ಹುಳ ಬಿದ್ದಾವು," ಅಂದಳು ಕಸ್ತೂರೆವ್ವ. "ಕುರಿ ಔಷಧ ಒಂದು ಗುಟುಕು ತಗೊ."

"ನಾ ಏನು ಟಗರೇನು?" ಅಂದ ಧೂಳಪ್ಪ.

ಔಷಧ ಕುಡಿಯಲಿಲ್ಲ, ಡಾಕ್ಟರ ಹತ್ತಿರ ಹೋದ. ಯಾವ ಊರು ಎಂಬುದು ಇಲ್ಲಿ ಬೇಡ. ಆ ಡಾಕ್ಟರು ಹೊಟ್ಟೆಯನ್ನು ಒಮ್ಮೆ ತಟ್ಟಿ, "ಲಿವರ್ ಕೆಟ್ಟೈತಿ. ಸೆರೆ ಬಿಡು," ಅಂದರು. ತಾನು ಕುಡಿಯುವುದೇ ಇಲ್ಲ ಎಂದ ಧೂಳಪ್ಪ. ಎಲ್ಲರೂ ಹಾಗೇ ಹೇಳುತ್ತಾರೆ ಎಂದರು ಅವರು. ಮತ್ತೊಂದು ಊರಿನ ಮತ್ತೊಬ್ಬರು ಹೊಟ್ಟೆಯಿಂದ ಕೊಡಪಾನದಷ್ಟು ನೀರು ತೆಗೆದರು, ಮಾತು ಮಾತ್ರ ಅದೇ ಆಡಿದರು. ನೀರು ಹದಿನೈದು ದಿನದಲ್ಲಿ ತಿರುಗಿ ತುಂಬಿತು.

ಧೂಳಪ್ಪ ಮದುವೆಗಿಂತ ಮೊದಲೇ ಬೀರದೇವರ ಭಂಡಾರ ಮುಟ್ಟಿ ಆಣೆ ಮಾಡಿ ಸೆರೆ ಬಿಟ್ಟವನು. ಬಿಡುವುದಕ್ಕೂ ಮೊದಲು ಕುಡಿದದ್ದು ಎರಡೇ ಸಲ, ಅದರಲ್ಲಿ ಒಂದು ಸಲ ವಾಂತಿಯಾಗಿತ್ತು. ಆದರೆ ಇಬ್ಬರು ಡಾಕ್ಟರು ಹೇಳಿದ ಮೇಲೆ ಊರು ಯಾರನ್ನು ನಂಬೀತು? ಹಿಂಡಿನ ಬೆನ್ನು ಹತ್ತಿ ಹೋದವನು ಅಲ್ಲಿ ಏನು ಮಾಡುತ್ತಾನೋ ಯಾರು ಕಂಡಿದ್ದಾರೆ ಎಂಬ ಮಾತು ಬಾವಿಕಟ್ಟೆಯಲ್ಲಿ ಹುಟ್ಟಿ ಕಸ್ತೂರೆವ್ವನ ಕಿವಿಗೂ ಬಂತು. ಅವಳು ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಗಂಡ ಮಧ್ಯಾಹ್ನ ಒರಗಿದಾಗ ಬಗ್ಗಿ ಬಾಯಿ ಮೂಸಿದಳು. ಕಂಬಳಿಯ ಸುರುಳಿ ಬಿಚ್ಚಿ ನೋಡಿದಳು. ತಂಬಾಕಿನ ಚಂಚಿ, ಹಲ್ಲು ಮುರಿದ ಬಾಚಣಿಗೆ, ಒಂದು ಹೆಂಟೆ ಬೆಲ್ಲ ಸಿಕ್ಕವು. ಬೆಲ್ಲದ ಮೇಲಿನ ಇರುವೆ ಝಾಡಿಸುವಾಗ ತಲೆ ಎತ್ತಿದರೆ ಧೂಳಪ್ಪ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ.

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಆ ದೊಡ್ಡ ಗಂಟಲು ಎರಡು ದಿನ ಬಂದ್ ಆಯಿತು. ಕೊನೆಗೆ ಅವಳೇ, "ಸಿಟ್ಟು ಬಂತೇನು?" ಎಂದು ಕೇಳಿದಳು.

"ಮಂದಿ ಅಂದ್ರ ಅನ್ಲಿ," ಅಂದ ಧೂಳಪ್ಪ. "ನೀ ಮೂಸಿ ನೋಡಿದ್ಯಲ್ಲ, ಅದು ಹತ್ತಿತು ನನಗ."

ತಪ್ಪು ಒಪ್ಪಿಕೊಳ್ಳುವ ಬಗೆ ಗೊತ್ತಿರದೆ ಕಸ್ತೂರೆವ್ವ ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸಿದಳು. ಬಿಸಿನೀರು ಹಾಕಿ ಬೆನ್ನು ತಿಕ್ಕುತ್ತೇನೆ, ಬಾ ಎಂದಳು. ಹೊಟ್ಟೆ ಭಾರವಾದ ಮೇಲೆ ಅವನಿಗೆ ಬಗ್ಗಿ ಜಳಕ ಮಾಡಲು ಆಗುತ್ತಿರಲಿಲ್ಲ. ಬಂದು ಬಚ್ಚಲ ಕಲ್ಲಿನ ಮೇಲೆ ಕುಳಿತ.

ಆ ಬೆನ್ನನ್ನು ಅವಳು ಬಿಸಿಲಿನಲ್ಲಿ ಸರಿಯಾಗಿ ನೋಡಿ ಎಷ್ಟೋ ತಿಂಗಳಾಗಿತ್ತು. ಸೊಂಟದಿಂದ ಹೆಗಲ ರೆಕ್ಕೆಯವರೆಗೆ ನರಗಳು ಎದ್ದಿದ್ದವು. ಕಂಬಳಿಗೆ ಹೊಸೆದ ಉಣ್ಣೆಹುರಿಯಷ್ಟು ದಪ್ಪ, ಸೊಟ್ಟ ಸೊಟ್ಟ, ಒಂದರ ಮೇಲೊಂದು ಹಾದು ಪಕ್ಕೆಲುಬಿನ ಕಡೆ ಹರಡಿದ್ದವು. ಕುರಿಯ ಕುತ್ತಿಗೆಯಿಂದ ರಕ್ತ ತೆಗೆಯುವಾಗ ನರ ಎಲ್ಲಿಂದ ತುಂಬುತ್ತದೆ ಎಂದು ಬೆರಳಿಟ್ಟು ನೋಡುವುದು ಅವಳಿಗೆ ರೂಢಿ. ಇಲ್ಲೂ ಬೆರಳು ತಾನಾಗಿ ಹೋಯಿತು. ಒಂದು ನರದ ಮೇಲೆ ಎರಡು ಬೆರಳಿಟ್ಟು, ನಡುವಿನ ರಕ್ತವನ್ನು ಅತ್ತಿತ್ತ ಒತ್ತಿ ಸರಿಸಿ ಖಾಲಿ ಮಾಡಿದಳು. ಮೇಲಿನ ಬೆರಳು ತೆಗೆದಳು. ನರ ಖಾಲಿಯೇ ಉಳಿಯಿತು. ಮತ್ತೆ ಹಾಗೇ ಮಾಡಿ ಕೆಳಗಿನ ಬೆರಳು ತೆಗೆದಳು, ಸರ್ರನೆ ತುಂಬಿತು. ಇನ್ನೊಂದು ನರ ಹಿಡಿದಳು. ಅದೂ ಹಾಗೇ.

"ಜಳಕ ಮಾಡಸ್ತೀಯೋ, ಬೆನ್ನಿನ ಮ್ಯಾಲ ಮಗ್ಗ ಹೂಡೀಯೋ?" ಅಂದ ಧೂಳಪ್ಪ.

"ಸುಮ್ನ ಕೂಡು. ಎಲ್ಲಾ ಮ್ಯಾಲ ಏರಾಕತ್ತಾವ," ಅಂದಳು. ಏನು, ಯಾಕೆ ಎಂದು ಅವಳಿಗೂ ತಿಳಿದಿರಲಿಲ್ಲ. ಕೆಳಗಿನ ರಕ್ತಕ್ಕೆ ಒಳದಾರಿ ಸಿಗದೆ ಚರ್ಮದಡಿ ಹಾಯ್ದು ಹೋಗುತ್ತಿದೆ ಎಂದಷ್ಟೇ ಕೈಗೆ ಅನಿಸಿತು.

ಅದಾಗಿ ವಾರದೊಳಗೆ ಅವಳ ಬೆರಳಿಗೆ ಜಾಲಿಮುಳ್ಳು ಹೆಟ್ಟಿ ಉಗುರುಸುತ್ತು ಆಯಿತು. ತಾಳಿಕೋಟೆಯ ಪೇಟೆಯಲ್ಲಿ ಸಗೀರಾ ಎಂಬ ಡಾಕ್ಟರ್ ಬಾಯಿ ಬಾಡಿಗೆ ಮನೆಯಲ್ಲಿ ದವಾಖಾನೆ ಇಟ್ಟಿದ್ದರು. ವಿಜಾಪುರದ ಹುಡುಗಿ, ಮುಂಬೈಯಲ್ಲಿ ಓದಿ ಬಂದವರು, ಮೂವತ್ತರ ಒಳಗಿನ ವಯಸ್ಸು. ಅವರ ಹತ್ತಿರ ಬರುವುದು ಬಸುರಿಯರು, ಬಾಣಂತಿಯರು, ಕೂಸುಗಳು. ಸಂತೆಯ ದಿನ ಕಸ್ತೂರೆವ್ವ ಬೆರಳು ಹಿಡಿದುಕೊಂಡು ಅಲ್ಲಿಗೆ ಹೋದಳು. ಕೀವು ತೆಗೆಯುವಾಗಿನ ನೋವು ಮರೆಯಲು ಮಾತು ಶುರು ಮಾಡಿದಳು. ಕುರಿಯಿಂದ ಹೊರಟ ಮಾತು ಗಂಡನ ಹೊಟ್ಟೆಗೆ ಬಂತು, ಹೊಟ್ಟೆಯಿಂದ ಬೆನ್ನಿಗೆ. "ಕೆಳಗಿನ ಬೆರಳು ಬಿಟ್ಟರ ತುಂಬತೈತ್ರಿ ಬಾಯಾರ, ಮ್ಯಾಲಿಂದು ಬಿಟ್ಟರ ಇಲ್ಲ," ಅಂದಾಗ ಪಟ್ಟಿ ಸುತ್ತುತ್ತಿದ್ದ ಸಗೀರಾ ಅವರ ಕೈ ನಿಂತಿತು.

"ಬೆನ್ನಾಗೇನ್ರಿ? ಹೊಟ್ಟಿ ಮ್ಯಾಲ ಅಲ್ಲಾ?"

"ಹೊಟ್ಟಿ ಮ್ಯಾಲೂ ಅದಾವ್ರಿ, ಬೆನ್ನಾಗ ಭಾಳ."

"ಕಾಲು ಮೊದಲು ಬಾತವೋ ಹೊಟ್ಟಿ ಮೊದಲೋ?"

"ಹೊಟ್ಟಿ. ಕಾಲು ಆಮ್ಯಾಲ."

ಸಗೀರಾ ಪಟ್ಟಿ ಕಟ್ಟಿ ಮುಗಿಸಿದರು. "ಅವರನ್ನ ಕರಕೊಂಡು ಬರ್ರಿ. ನಾಳೆ ಬಂದರೂ ಅಡ್ಡಿಯಿಲ್ಲ."

ಹೆಂಗಸರ ದವಾಖಾನೆ ಎಂದ ಕೂಡಲೇ ಧೂಳಪ್ಪ ಕೊಸರಿದ. ಬಾಗಿಲವರೆಗೆ ಬಂದವನು ಒಳಗೆ ಸಾಲಾಗಿ ಕೂತ ಬಸುರಿಯರನ್ನು ನೋಡಿ, ಅವರು ಇವನ ಹೊಟ್ಟೆಯನ್ನು ನೋಡಿ, ಎರಡೂ ಕಡೆಯವರಿಗೂ ನಗು ತಡೆಯುವುದು ಕಷ್ಟವಾಯಿತು. ಒಳಗೆ ಅಂಗಿ ತೆಗೆಯಲು ಒಪ್ಪಲಿಲ್ಲ.

"ಅಣ್ಣಾರ, ನನಗ ನಿಮ್ಮ ಬೆನ್ನಷ್ಟ ಬೇಕು," ಅಂದರು ಸಗೀರಾ. "ಮಾರಿ ಬೇಕಾದ್ರ ಗ್ವಾಡಿ ಕಡೆ ಮಾಡಿ ನಿಂದರ್ರಿ."

ಅವನು ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ನಿಂತ. ಸಗೀರಾ ಬೆನ್ನನ್ನು ಬಹಳ ಹೊತ್ತು ನೋಡಿದರು. ಕಸ್ತೂರೆವ್ವ ಮಾಡಿದ್ದನ್ನೇ ತಾವೂ ಎರಡು ಬೆರಳಿನಿಂದ ಮಾಡಿದರು, ಬೆನ್ನಿನಲ್ಲಿ, ಪಕ್ಕೆಯಲ್ಲಿ, ಹೊಕ್ಕಳದ ಕೆಳಗೆ. ಎಲ್ಲ ಕಡೆಗೂ ರಕ್ತ ಮೇಲಕ್ಕೇ ಹರಿಯುತ್ತಿತ್ತು. ಮಲಗಿಸಿ ಹೊಟ್ಟೆ ಒತ್ತಿದರು. ಲಿವರ್ ದೊಡ್ಡದಾಗಿ ಗಟ್ಟಿಯಾಗಿತ್ತು. ಕುತ್ತಿಗೆಯ ನರ ನೋಡಿದರು, ಎದೆಗೆ ಕಿವಿನಳಿಗೆ ಇಟ್ಟು ಕೇಳಿದರು. ಹೃದಯದ ತೊಂದರೆಯಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅದು.

"ಸೆರೆ ಕುಡೀತೀರೇನು?"

"ಇಲ್ರಿ," ಅಂದ ಧೂಳಪ್ಪ, ಮುಂದಿನ ಮಾತಿಗೆ ಮೈ ಬಿಗಿ ಹಿಡಿದು.

"ಹೂಂ," ಎಂದು ಅವರು ಬರೆದುಕೊಂಡರು.

ಅವನು ಎದ್ದು ಕುಳಿತ. "ನಂಬಿದ್ರ್ಯಾ?"

"ನಿಮ್ಮ ಬೆನ್ನ ಹೇಳಾಕತ್ತೈತಲ್ಲ. ಸೆರೆಯಿಂದ ಲಿವರ್ ಕೆಟ್ಟರ ಹೊಕ್ಕಳ ಸುತ್ತ ನರ ಏಳತಾವ, ಹೊಕ್ಕಳದ ಕೆಳಗ ರಕ್ತ ಕೆಳಮುಖ ಹರೀತೈತಿ. ಬೆನ್ನಾಗ ಹಿಂಗ ಏಳೂದಿಲ್ಲ."

ಧೂಳಪ್ಪ ಅಂಗಿಯ ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. ಕೊನೆಯ ಗುಂಡಿಯನ್ನು ಕಸ್ತೂರೆವ್ವ ಹಾಕಿದಳು.

ಸಗೀರಾ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಕಾಲಿನ, ಹೊಟ್ಟೆಯ ರಕ್ತವೆಲ್ಲ ಒಂದು ದೊಡ್ಡ ನಾಳದೊಳಗೆ ಕೂಡಿ ಲಿವರಿನ ಹಿಂದೆ ಹಾಯ್ದು ಹೃದಯಕ್ಕೆ ಏರುತ್ತದೆ. ಲಿವರಿನ ನರಗಳೂ ಅಲ್ಲೇ ಬಂದು ಅದಕ್ಕೆ ಕೂಡುತ್ತವೆ. ಆ ಜಾಗದಲ್ಲಿ ಏನೋ ಅಡ್ಡ ಬಂದಿದೆ. ಲಿವರಿನ ರಕ್ತ ಹೊರಬೀಳದೆ ಒಳಗೇ ನಿಂತು ಹೊಟ್ಟೆಗೆ ನೀರು ಜಿನುಗುತ್ತಿದೆ.

"ಗೊತ್ತೈತ್ರಿ ಆ ಕೊಳವಿ," ಅಂದಳು ಕಸ್ತೂರೆವ್ವ. "ಕುರಿ ಕೊಯ್ದಾಗ ಕಲೀಜದ ಬೆನ್ನಿಗೆ ಹತ್ತಿಕೊಂಡಿರತೈತಿ. ಅದನ್ನ ಬಿಡಿಸಿ ಒಗೀತೇವಿ ನಾವು."

"ಹಾಂ, ಅದ. ಅದರಾಗ ಏನು ಅಡ್ಡ ಐತಿ ಅಂತ ಇಲ್ಲಿ ಕೂತು ಹೇಳಾಕ ನನ್ನ ಕೈಲಾಗೂದಿಲ್ಲ. ಹೆಪ್ಪುಗಟ್ಟಿದ ರಕ್ತ ಇರಬಹುದು, ಗಂಟು ಇರಬಹುದು, ಬರೇ ಒಂದು ತೆಳ್ಳನ್ನ ಪರದೆ ಇರಬಹುದು. ಪರದೆ ಆಗಿದ್ರ ಹರಿದು ತಗೀತಾರ. ಓದುವಾಗ ಅಂಥಾ ಪೇಶಂಟ ಒಬ್ಬನ್ನ ನೋಡೀನಿ ನಾನು. ಮುಂಬೈಗೆ ನಮ್ಮ ಸರ್‌ಗೆ ಚೀಟಿ ಬರದು ಕೊಡ್ತೇನಿ."

ಅಲ್ಲಿಯವರೆಗೆ ಉಪ್ಪು ಬಿಡಲು ಹೇಳಿ, ನೀರು ಇಳಿಯುವ ಗುಳಿಗೆ ಕೊಟ್ಟರು. ಉಪ್ಪಿಲ್ಲದ ಬೇಳೆಯನ್ನು ಧೂಳಪ್ಪ ಮೂರು ದಿನ ಉಂಡು, ನಾಲ್ಕನೆಯ ದಿನ, ಮುಂಬೈಗೆ ಯಾವಾಗ ಹೋಗೋಣ ಎಂದು ತಾನೇ ಕೇಳಿದ.

ಹಿಂಡನ್ನು ಅವನ ತಮ್ಮ ಬೀರಣ್ಣ ವಹಿಸಿಕೊಂಡ. ಗಂಡ ಹೆಂಡತಿ ಬಾಗೇವಾಡಿ ಮೇಲಿನ ಬಸ್ಸು ಹಿಡಿದು ವಿಜಾಪುರಕ್ಕೆ, ಅಲ್ಲಿಂದ ಸಣ್ಣ ಹಳಿಯ ಗಾಡಿಯಲ್ಲಿ ಸೊಲ್ಲಾಪುರಕ್ಕೆ, ಸೊಲ್ಲಾಪುರದಿಂದ ದೊಡ್ಡ ಗಾಡಿಯಲ್ಲಿ ಮುಂಬೈಗೆ ಹೋದರು. ಧೂಳಪ್ಪ ಕಂಬಳಿ, ಕೋಲು ಎರಡನ್ನೂ ಬಿಡಲಿಲ್ಲ. ಮುಂಬೈಯಲ್ಲಿ ಕುರಿ ಇಲ್ಲ ಎಂದರೆ, ಇದ್ದರೆ ಏನು ಮಾಡುವುದು ಎಂದ.

ದೊಡ್ಡ ಸರಕಾರಿ ದವಾಖಾನೆಯಲ್ಲಿ ಹೆಸರು ಬರೆಯುವ ಕಾರಕೂನ ಪೇಶಂಟಿನ ಹೆಸರು ಕೇಳಿದ. ಧೂಳಪ್ಪ ದೂರದ ಬಾಕಿನ ಮೇಲೆ ಕುಳಿತಿದ್ದ. ಗಂಡನ ಹೆಸರನ್ನು ಕಸ್ತೂರೆವ್ವ ಬಾಯಿಬಿಟ್ಟು ಹೇಳುವವಳಲ್ಲ. ಅವಳು ಬಗ್ಗಿ ನೆಲದ ಮೂಲೆಯಿಂದ ಒಂದು ಚಿಟಿಕೆ ತೆಗೆದು ಅವನ ಮೇಜಿನ ಮೇಲಿಟ್ಟಳು. ಕಾರಕೂನ ಮರಾಠಿಯವನು. ಅದನ್ನು ನೋಡಿ, ಅವಳನ್ನು ನೋಡಿ, "ಧೂಳ?" ಅಂದ. ಅವಳು ತಲೆ ಆಡಿಸಿ, ಮುಂದೆ ಇನ್ನಷ್ಟು ಇದೆ ಎಂದು ಕೈ ಮಾಡಿದಳು. "ಧೂಳಪ್ಪಾ?" ಅಂದ. ಹಿಂದೆ ಪಾಳಿಯಲ್ಲಿ ನಿಂತವರು ಕೂಡ ಸಮಾಧಾನಪಟ್ಟರು.

ಸಗೀರಾ ಅವರ ಚೀಟಿ ಕೆಲಸ ಮಾಡಿತು. ಅವರ ಸರ್ ಬೆನ್ನು ನೋಡಿ ನಾಲ್ಕು ಜನ ಕಲಿಯುವ ಹುಡುಗ ಹುಡುಗಿಯರನ್ನು ಕರೆದು ತೋರಿಸಿದರು. ಮರುದಿನ ಎಂಟು ಜನ ಬಂದರು. ವಾರದಲ್ಲಿ ಧೂಳಪ್ಪ, ಬಿಳಿ ಕೋಟು ಕಂಡರೆ ಕೇಳುವ ಮೊದಲೇ ಅಂಗಿ ಬಿಚ್ಚಿ ತಿರುಗಿ ಕೂರುವ ಮಟ್ಟಕ್ಕೆ ಬಂದಿದ್ದ.

ಹೊಟ್ಟೆಯ ನೀರನ್ನು ದಿನಕ್ಕಿಷ್ಟು ಎಂದು ಇಳಿಸಿದರು. ಆಮೇಲೆ ಎಕ್ಸ್‌ರೇ. ತೊಡೆಯ ಸಂದಿನ ನರದಿಂದ ಒಂದು ಸಣ್ಣ ನಳಿಗೆ ಏರಿಸಿ, ತೋಳಿನ ನರದಿಂದ ಇನ್ನೊಂದನ್ನು ಹೃದಯ ದಾಟಿಸಿ ಇಳಿಸಿ, ಎರಡೂ ಕಡೆಯಿಂದ ಔಷಧದ ಬಣ್ಣ ಬಿಟ್ಟು ಚಿತ್ರ ತೆಗೆದರು. ಬಣ್ಣ ಹೋಗುವಾಗ ಮೈಯೆಲ್ಲ ಕಾಯಿಸಿದ ಹಾಗಾಯಿತು ಎಂದು ಧೂಳಪ್ಪ ಆಮೇಲೆ ಹೇಳಿದ. ಕೊಯ್ಯುವ ಡಾಕ್ಟರು ಕಸ್ತೂರೆವ್ವನನ್ನು ಕರೆದು ಆ ಚಿತ್ರವನ್ನು ಬೆಳಕಿಗೆ ಹಿಡಿದರು. ಕೆಳಗಿನಿಂದ ಬಂದ ಬಿಳಿ ಪಟ್ಟೆ ಚಾಕುವಿನಿಂದ ಕತ್ತರಿಸಿದಷ್ಟು ನೆಟ್ಟಗೆ ನಿಂತಿತ್ತು. ಮೇಲಿನಿಂದ ಬಂದದ್ದೂ ನಿಂತಿತ್ತು. ನಡುವೆ ಉಗುರಿನ ದಪ್ಪದ ಕಪ್ಪು ಗೆರೆ.

"ಇಷ್ಟೇ," ಅಂದರು ಅವರು ಮರಾಠಿಯಲ್ಲಿ. ಮದುವೆಗೆ ಮೊದಲು ಅಪ್ಪನ ಹಿಂಡಿನ ಜೊತೆ ಸೊಲ್ಲಾಪುರದ ಕಡೆ ತಿರುಗಿದ್ದ ಕಸ್ತೂರೆವ್ವನಿಗೆ ಮರಾಠಿ ತಿಳಿಯುತ್ತಿತ್ತು. "ಒಂದು ಪರದೆ. ಲಿವರಿನ ನರದ ಬಾಯಿ ಇದರ ಕೆಳಗೇ ಇದೆ. ಇದು ಹರಿದರೆ ಎರಡೂ ದಾರಿ ತೆರೆಯುತ್ತವೆ."

"ಯಾತರಿಂದ ಹರೀತೀರಿ?"

"ಬೆರಳಿನಿಂದ." ಎದೆ ತೆರೆದು, ಹೃದಯದ ಮೇಲಿನ ಕೋಣೆಯಲ್ಲಿ ಸಣ್ಣ ಗಂಡಿ ಮಾಡಿ, ರಕ್ತ ಸೋರದಂತೆ ಸುತ್ತ ದಾರ ಬಿಗಿದು, ಅದರೊಳಗಿಂದ ಬೆರಳು ಇಳಿಸಿ ಪರದೆಯನ್ನು ಒಡೆಯುವುದು. ಅಪಾಯ ಇಲ್ಲವೆಂದು ಅವರು ಹೇಳಲಿಲ್ಲ. ಹತ್ತು ಜನರಲ್ಲಿ ಒಬ್ಬಿಬ್ಬರು ಉಳಿಯದಿರಬಹುದು, ಮಾಡದೇ ಬಿಟ್ಟರೆ ವರ್ಷ ಎರಡು ವರ್ಷ ಎಂದರು.

ಕಸ್ತೂರೆವ್ವ ಯಾವ ಬೆರಳು ಎಂದು ಕೇಳಿದಳು. ಅವರು ಬಲಗೈಯ ತೋರುಬೆರಳು ತೋರಿಸಿದರು. ಟಗರಿನ ಹಲ್ಲು ನೋಡುವಷ್ಟು ಗಮನವಿಟ್ಟು ಅದನ್ನು ನೋಡಿ, "ಉದ್ದ ಐತಿ, ಮುಟ್ಟತೈತಿ," ಎಂದು ತನ್ನ ಭಾಷೆಯಲ್ಲೇ ಅಂದಳು. ಹೆಬ್ಬೆರಳು ಒತ್ತಿ ಒಪ್ಪಿಗೆ ಕೊಟ್ಟಳು. ಒಳಗೆ ಬಂದು ಧೂಳಪ್ಪನಿಗೆ ಎಲ್ಲ ಹೇಳಿದಳು, ಹತ್ತರಲ್ಲಿ ಒಬ್ಬಿಬ್ಬರ ಮಾತನ್ನೂ ಮುಚ್ಚಿಡಲಿಲ್ಲ.

"ನಿನಗ ಹ್ಯಾಂಗ ಕಾಣತೈತಿ?" ಅಂದ.

"ಮಾಡಿಸೂಣು."

"ಹಂಗಾರ ಆತು." ಕಂಬಳಿ ಸರಿಮಾಡಿಕೊಳ್ಳುತ್ತ, "ಬೀರಣ್ಣಗ ಆ ಕುಂಟ ಆಡಿನ ಹಾಲು ಕರಕೊಳ್ಳಾಕ ಹೇಳಿದ್ಯೋ ಇಲ್ಲೋ?" ಎಂದು ಕೇಳಿದ.

ಕೊಯ್ಯುವ ದಿನ ಕಸ್ತೂರೆವ್ವ ಮೆಟ್ಟಿಲ ಮೇಲೆ ಕುಳಿತು ತಕಲಿ ತೆಗೆದು ಉಣ್ಣೆ ನೂತಳು. ಕೈ ಖಾಲಿ ಇದ್ದರೆ ತಲೆ ಸುಮ್ಮನಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಕರೆದೊಯ್ದವರು ಎರಡು ಹೊಡೆದರೂ ಹೊರಗೆ ಬರಲಿಲ್ಲ. ತಂದ ಉಣ್ಣೆ ತೀರಿತು. ನೂತದ್ದನ್ನು ಬಿಚ್ಚಿ ಮತ್ತೆ ಹುರಿಗೊಳಿಸಿದಳು. ಹಾದುಹೋಗುವ ಒಬ್ಬ ದಾದಿ ಅವಳ ಮುಂದೆ ಚಹಾ ಇಟ್ಟು ಹೋದಳು, ಅದು ಹಾಗೇ ಆರಿತು.

ಮೂರರ ಸುಮಾರಿಗೆ ಡಾಕ್ಟರು ಬಂದು ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತರು. ನಿಂತು ಮಾತಾಡುವಷ್ಟು ಶಕ್ತಿ ಅವರಿಗೂ ಉಳಿದಿರಲಿಲ್ಲ. ಪರದೆ ಹರಿಯಿತು, ಬೆರಳು ಸಲೀಸಾಗಿ ಆಚೆ ಹೋಯಿತು ಎಂದರು. ಅವಳು ಆರಿದ ಚಹಾವನ್ನು ಅವರ ಕಡೆ ಸರಿಸಿದಳು. ಅವರು ಕುಡಿದುಬಿಟ್ಟರು.

ಮುಂದಿನ ಹತ್ತು ದಿನ ಧೂಳಪ್ಪನ ಮೈಯಿಂದ ನೀರು ಹೋಗುತ್ತಲೇ ಇತ್ತು. ಮೂತ್ರ ಅಳೆಯುವ ದಾದಿ ಇನ್ನೊಂದು ಪಾತ್ರೆ ತರಿಸಿದಳು. ಕಾಲಿನ ಬಾವು ಇಳಿದು ಹಳೆಯ ಎಲುಬು ಕಂಡಿತು. ನಡುವೆ ಎದೆಯ ಗಾಯಕ್ಕೆ ಸ್ವಲ್ಪ ಕೀವಾಗಿ ಜ್ವರ ಬಂದು ಎಲ್ಲರನ್ನೂ ಅಂಜಿಸಿತು, ಆಮೇಲೆ ಹೋಯಿತು. ಬೆನ್ನಿನ ನರಗಳು ದಿನದಿನಕ್ಕೆ ಸೊರಗಿದವು. ಗಂಟಲು ತಿರುಗಿ ಬಂದ ದಿನ ಅವನು ಉಪ್ಪು ಕೇಳಿದ್ದು ಮೂರು ವಾರ್ಡಿನವರಿಗೆ ಕೇಳಿಸಿತು.

ಊರಿಗೆ ಬರುವಾಗ ಮುಂಗಾರು ಹತ್ತಿರ ಬಂದಿತ್ತು. ಲಿವರ್ ಪೂರ್ತಿ ಮೊದಲಿನಂತಾಗುವುದಿಲ್ಲ, ಗುಳಿಗೆ ಬಿಡಬಾರದು, ಆರು ತಿಂಗಳಿಗೊಮ್ಮೆ ತೋರಿಸಬೇಕು ಎಂದು ಹೇಳಿ ಕಳಿಸಿದ್ದರು. ಮೊದಲ ವರ್ಷ ಅವನು ಮೈಲಿಗೊಮ್ಮೆ ಕೂರುತ್ತಿದ್ದ. ಎರಡನೆಯ ವರ್ಷ ಹಿಂಡಿನ ಜೊತೆ ಸಿಂದಗಿಯವರೆಗೆ ನಡೆದ. ಊರಿನ ಬಾವಿಕಟ್ಟೆಗೆ ಬೇರೆ ಸುದ್ದಿ ಸಿಕ್ಕಿತ್ತು.

ಎಪ್ಪತ್ತೆಂಟರ ಶ್ರಾವಣದಲ್ಲಿ ಸಗೀರಾ ಅವರಿಂದ ಹೇಳಿಕೆ ಬಂತು. ಸಿಂದಗಿಯ ಬಿಬಿಜಾನ ಎಂಬ ಹೆಣ್ಣುಮಗಳು ದವಾಖಾನೆಯಲ್ಲಿದ್ದಾಳೆ, ಅದೇ ಬಗೆಯ ಹೊಟ್ಟೆ, ಹೆರಿಗೆಯಾದ ಮೇಲೆ ಬಂದದ್ದು. ಮುಂಬೈ ಅಂದರೆ ಅಳುತ್ತಾಳೆ, ಬಂದು ಒಂದು ಮಾತು ಹೇಳುತ್ತೀರಾ ಎಂದು. ಕಸ್ತೂರೆವ್ವ ಮರುದಿನವೇ ಧೂಳಪ್ಪನನ್ನೂ ಹೊರಡಿಸಿದಳು.

ಬಿಬಿಜಾನ ಇಪ್ಪತ್ತೆರಡರ ಹುಡುಗಿ, ಗೋಡೆಗೆ ಒರಗಿ ಕುಳಿತಿದ್ದಳು. ಪಕ್ಕದಲ್ಲಿ ಅವಳ ಅತ್ತೆ, ತೊಡೆಯ ಮೇಲೆ ಮೂರು ತಿಂಗಳ ಕೂಸು. ಕಸ್ತೂರೆವ್ವ ಎದುರಿಗೆ ಚಕ್ಕಂಬಕ್ಕಳ ಹಾಕಿ ಕುಳಿತು ಮೊದಲು ಕೂಸಿನ ಹೆಸರು ಕೇಳಿದಳು. ಆಮೇಲೆ ಬಸ್ಸಿನಿಂದ ಶುರು ಮಾಡಿ ಮೆಟ್ಟಿಲಿನವರೆಗೆ ಎಲ್ಲ ಹೇಳಿದಳು, ನೋವಿನದ್ದನ್ನೂ ಬಿಡದೆ. ಧೂಳಪ್ಪ ಹೊರಗಿನ ಕಟ್ಟೆಯಲ್ಲಿ ಕುಳಿತಿದ್ದ ಅವಳ ಮಾವನಿಗೆ ಅಂಗಿ ಎತ್ತಿ ಎದೆಯ ಗೆರೆ ತೋರಿಸಿದ.

"ನನ್ನ ಜೊತಿ ಮಾತಾಡೂವರು ಅಲ್ಲಿ ಯಾರು ಇರತಾರ?" ಅಂದಳು ಬಿಬಿಜಾನ.

"ನಾ ಬರ್ತೇನಿ," ಅಂದಳು ಕಸ್ತೂರೆವ್ವ. "ನಿಮ್ಮತ್ತಿ ಕೂಸು ನೋಡ್ಕೊಳ್ಳಿ. ಮಾತಿಗೆ ನಾ ಇದ್ದೇನಿ."

ಹೋದಳು ಕೂಡ, ಇಪ್ಪತ್ತಾರು ದಿನ. ಬಿಬಿಜಾನಳದು ಪರದೆಯಾಗಿರಲಿಲ್ಲ, ಲಿವರಿನ ನರಗಳಲ್ಲೇ ರಕ್ತ ಹೆಪ್ಪುಗಟ್ಟಿತ್ತು, ಬೆರಳಿನಿಂದ ಆಗುವ ಕೆಲಸ ಅಲ್ಲ. ಡಾಕ್ಟರು ಹೊಟ್ಟೆಯೊಳಗೆ ಒಂದು ನರವನ್ನು ಇನ್ನೊಂದಕ್ಕೆ ಹೊಲಿದು ರಕ್ತಕ್ಕೆ ಬೇರೆ ದಾರಿ ಮಾಡಿಕೊಟ್ಟರು. ಸುಧಾರಿಸಲು ಧೂಳಪ್ಪನಿಗಿಂತ ಬಹಳ ದಿನ ಹಿಡಿಯಿತು. ಮೊಹರಂ ಕಳೆದ ಮೇಲೆ ಅವಳು ಗಂಡನ ಜೊತೆ ನಾಲತವಾಡಕ್ಕೆ ಬಂದು ಇಳಿದಾಗ ಕೂಸು ಅಂಬೆಗಾಲು ಇಡುತ್ತಿತ್ತು. ಕಸ್ತೂರೆವ್ವ ಅದನ್ನು ಎತ್ತಿಕೊಂಡು ಕಿವಿ ಹಿಡಿದು ನೋಡಿದಳು, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದಳು. "ಚೊಲೋ ಐತಿ," ಎಂದು ಹೇಳಿ ಒಳಗೆ ಕರೆದು ರೊಟ್ಟಿ ಬಡಿಯಲು ಕುಳಿತಳು.